ಮೂವತ್ತು ಚದರದ ಮನೆ, ಮುನ್ನೂರು ಕೋಟಿ ವರ್ಷದ ನೆರೆ

ಜಯನಗರದಲ್ಲಿ, ಲಾಲ್‌ಬಾಗಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, 3,000 ಚದರಡಿಯ ಫ್ಲ್ಯಾಟೊಂದು ಮಾರಾಟಕ್ಕಿದೆ ಎಂದಿಟ್ಟುಕೊಳ್ಳಿ. 1990ರ ಸುಮಾರಿನ ಕಟ್ಟಡ. ನೆಲ, ಅಡುಗೆಮನೆ, ಬಚ್ಚಲು ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಿಸಿದ್ದಾರೆ. ದಕ್ಷಿಣ ಬೆಂಗಳೂರಿನಲ್ಲಿ ದರ ಬೀದಿಯಿಂದ ಬೀದಿಗೆ ಬದಲಾಗುತ್ತದೆ, ಬಾಲ್ಕನಿಯಿಂದ ಪಾರ್ಕು ಕಂಡರೆ ಇನ್ನೂ ಏರುತ್ತದೆ. ಲೆಕ್ಕ ಸಲೀಸಾಗಲೆಂದು ಚದರಡಿಗೆ 18,000 ರೂಪಾಯಿ ಎಂದು ಹಿಡಿಯೋಣ. ಒಟ್ಟು 5 ಕೋಟಿ 40 ಲಕ್ಷ. ಈ ಒಂದೇ ಮನೆಯನ್ನು ಹಿಡಿದು ಅಳೆಯುತ್ತ ಹೋದರೆ ಅಂಕಿಗಳು ಎಲ್ಲಿಗೆ ಹೋಗಿ ಮುಟ್ಟುತ್ತವೆ ಗೊತ್ತೆ? ಮೊದಲು ಕಬಡ್ಡಿ ಅಂಕಣಕ್ಕೆ, ಕೊನೆಗೆ ಆಕಾಶಗಂಗೆಗೆ.

3,000 ಚದರಡಿ ಎಂದರೆ ಮೇಸ್ತ್ರಿಯ ಲೆಕ್ಕದಲ್ಲಿ 30 ಚದರ. ಬೆಂಗಳೂರಿಗರು ಬಾಯಿಪಾಠ ಮಾಡಿಕೊಂಡಿರುವ ‘ಥರ್ಟಿ ಫಾರ್ಟಿ’ ಸೈಟು 1,200 ಚದರಡಿ. ಅಂಥ ಎರಡೂವರೆ ಸೈಟು ಒಂದೇ ಮಹಡಿಯಲ್ಲಿ ಮಲಗಿದೆ. ರೈತರ ಲೆಕ್ಕದಲ್ಲಿ ಗುಂಟೆಗೆ 1,089 ಚದರಡಿ. ಹಾಗಾಗಿ ಇದು ಎರಡೂ ಮುಕ್ಕಾಲು ಗುಂಟೆಯ ಗದ್ದೆ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡು ಅಂಕಣ ಹಾಕಿ, ನಾಲ್ಕು ತಂಡ ಆಡಿಸಿ, ಅಂಪೈರು ನಿಲ್ಲಲು ಜಾಗವನ್ನೂ ಉಳಿಸಬಹುದು.

ಆದರೆ ಈ 3,000ದಲ್ಲಿ ಮೆಟ್ಟಿಲು, ಲಿಫ್ಟು, ಲಾಬಿಯ ಪಾಲೂ ಸೇರಿದೆ. ಅದಕ್ಕೆ ನೂರಕ್ಕೆ 30 ಕಳೆದರೆ ಕಾಲಿಡಲು ಸಿಗುವ ನೆಲ, ಅಂದರೆ ಕಾರ್ಪೆಟ್ ಏರಿಯಾ, 2,100 ಚದರಡಿ. ಮಾಯವಾದ 900 ಚದರಡಿಗೂ 18,000ದಂತೆಯೇ ದುಡ್ಡು: 1 ಕೋಟಿ 62 ಲಕ್ಷ! ಚಾಪೆ ಹಾಸಿ ಮಲಗಲಾಗದ ಜಾಗಕ್ಕೆ ಒಂದೂವರೆ ಕೋಟಿಗೂ ಹೆಚ್ಚು. ಪೂರ್ತಿ ಬೆಲೆಯನ್ನು ಕಾಲಡಿಯ ನೆಲಕ್ಕೇ ಹಂಚಿದರೆ ಚದರಡಿಗೆ 25,714 ರೂಪಾಯಿ, ಒಂದೊಂದು ಚದರ ಅಂಗುಲಕ್ಕೆ ಸುಮಾರು 179 ರೂಪಾಯಿ. ಎರಡೂವರೆ ಅಡಿ ಚೌಕದ ಫ್ರಿಜ್ ನಿಂತ ಜಾಗದ ಬೆಲೆ 1 ಲಕ್ಷ 60 ಸಾವಿರ. ಒಳ್ಳೊಳ್ಳೆಯ ಫ್ರಿಜ್ಜುಗಳೂ ತಾವು ನಿಂತ ನೆಲಕ್ಕಿಂತ ಅಗ್ಗ. ನಾಲ್ಕಡಿಗೆ ಐದಡಿಯ ದೇವರ ಕೋಣೆ 5 ಲಕ್ಷ 14 ಸಾವಿರ. ಆರಡಿ ಅಗಲ, ಆರೂವರೆ ಅಡಿ ಉದ್ದದ ಮಂಚದ ಕೆಳಗಿನ ನೆಲ, ವರ್ಷಕ್ಕೊಮ್ಮೆ ಪೊರಕೆ ಕಾಣುವ ನೆಲ, 10 ಲಕ್ಷ!

5 ಕೋಟಿ 40 ಲಕ್ಷ ಎಂದು ಬಾಯಲ್ಲಿ ಹೇಳಲು ಎರಡು ಸೆಕೆಂಡು ಸಾಕು. ಸೆಕೆಂಡಿಗೆ ಒಂದು ರೂಪಾಯಿಯಂತೆ, ಊಟ ನಿದ್ದೆ ಬಿಟ್ಟು ಎಣಿಸಿದರೆ ಮುಗಿಯಲು 625 ದಿನ ಬೇಕು. ಈ ವರ್ಷದ ಯುಗಾದಿಯ ದಿನ ಎಣಿಸಲು ಕೂತವರು ಮುಂದಿನ ಯುಗಾದಿಯ ಬೇವು ಬೆಲ್ಲವನ್ನೂ ಕೂತಲ್ಲೇ ತಿಂದು, ಅದರಾಚೆ ಇನ್ನೂ ಎಂಟು ತಿಂಗಳು ಎಣಿಸಬೇಕು.

500 ರೂಪಾಯಿಯ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ಮನೆಯ ಬೆಲೆಗೆ ಇಂಥ 1,08,000 ನೋಟು. ತುದಿಗೆ ತುದಿ ಸೇರಿಸಿ ಹಾಸಿದರೆ 16.2 ಕಿಲೋಮೀಟರ್. 2025ರ ಆಗಸ್ಟಿನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗ ಜಯನಗರದ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್. ಹಳಿಯ ಪಕ್ಕದಲ್ಲೇ ನೋಟು ಹಾಸುತ್ತ ಹೊರಟರೆ ಬೊಮ್ಮಸಂದ್ರಕ್ಕೆ ಮೂರೇ ಕಿಲೋಮೀಟರ್ ಬಾಕಿ! ಮನೆಯ ನೆಲಕ್ಕೆ ನೋಟಿನದೇ ಹಾಸು ಮಾಡಿದರೆ? 98 ಲಕ್ಷ ಚಿಲ್ಲರೆಗೆ ಮೂಲೆಮೂಲೆಯೂ ಮುಚ್ಚಿಹೋಗುತ್ತದೆ. ಮಿಕ್ಕ ಹಣದಲ್ಲಿ ಅದರ ಮೇಲೆ ಮತ್ತೊಂದು ಹಾಸು, ಮತ್ತೊಂದು, ಹೀಗೆ ಐದೂವರೆ ಪದರ. ಈ ಮನೆಯ ಪ್ರತಿ ಅಡಿಯೂ ಗರಿಗರಿ 500ರ ನೋಟನ್ನು ಐದು ಸಲ ಹೊದೆಸಿದರೂ ಮುಗಿಯದಷ್ಟು ಬೆಲೆಯದು.

ನಾಣ್ಯದ ಲೆಕ್ಕ ಇದಕ್ಕಿಂತ ಸೊಗಸು. 2019ರ ಸರಣಿಯ ಒಂದು ರೂಪಾಯಿ ನಾಣ್ಯ 20 ಮಿಲಿಮೀಟರ್ ಅಗಲ, 3.09 ಗ್ರಾಂ ತೂಕ. ಸಾಲುಸಾಲಾಗಿ ತಾಗಿಸಿ ಜೋಡಿಸಿದರೆ ಮನೆಯ ನೆಲದ ಮೇಲೆ ಒಂದು ಪದರಕ್ಕೆ 4,87,500 ನಾಣ್ಯ ಹಿಡಿಯುತ್ತವೆ. 5 ಕೋಟಿ 40 ಲಕ್ಷ ಮುಗಿಯಬೇಕಾದರೆ 110 ಹಾಸು ಹಾಸಿಯೂ ಮಿಗುತ್ತದೆ. ಒಟ್ಟು ತೂಕ 167 ಟನ್. ದಸರೆಯ ಅಂಬಾರಿ ಹೊತ್ತ ಅಭಿಮನ್ಯು ಐದು ಟನ್ನಿಗೂ ಮಿಕ್ಕ ಗಜರಾಜ. ಆನೆಗೆ 5 ಟನ್ ಎಂದರೂ 33 ಆನೆ. ನಮ್ಮ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತೆ ವಿನ್ಯಾಸ ಮಾಡುತ್ತಾರೆ. ಅದೇನೂ ಸಣ್ಣ ಶಕ್ತಿಯಲ್ಲ. ಇಡೀ ಮನೆಗೆ ಲೆಕ್ಕ ಹಾಕಿದರೆ ಸುಮಾರು 40 ಟನ್, ತಲಾ 60 ಕಿಲೋದ 660 ಮಂದಿ. ಒಂದು ಮದುವೆ ಛತ್ರದ ಜನವನ್ನೆಲ್ಲ ಕರೆದು ನಿಲ್ಲಿಸಬಹುದು! ಆದರೆ ನಾಣ್ಯಗಳು ಚದರ ಮೀಟರಿಗೆ 850 ಕಿಲೋ ದಾಟುತ್ತವೆ, ನಾಲ್ಕು ಪಟ್ಟಿಗೂ ಹೆಚ್ಚು. ಯೋಚಿಸಿ ನೋಡಿ: ಈ ಮನೆ ತನ್ನದೇ ಬೆಲೆಯನ್ನು ಚಿಲ್ಲರೆಯಲ್ಲಿ ಹೊರಲಾರದು.

ಸಾಲದ ಅಂಕಿ ಇನ್ನೂ ಎದೆ ನಡುಗಿಸುವಂಥದು. 75 ಲಕ್ಷ ದಾಟಿದ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಬೆಲೆಯ ನೂರಕ್ಕೆ 75 ಭಾಗದವರೆಗೆ ಮಾತ್ರ ಸಾಲ. ಇಲ್ಲಿ 4 ಕೋಟಿ 5 ಲಕ್ಷ. ಬಡ್ಡಿ ನೂರಕ್ಕೆ 8.5, ಅವಧಿ 20 ವರ್ಷ ಎಂದರೆ ತಿಂಗಳ ಕಂತು 3,51,000 ದಾಟುತ್ತದೆ. ದಿನಕ್ಕೆ 11,700, ಗಂಟೆಗೆ 488, ನಿಮಿಷಕ್ಕೆ ಎಂಟು ರೂಪಾಯಿ. ರಾತ್ರಿ ಎಂಟು ಗಂಟೆ ನಿದ್ದೆ ಮಾಡಿ ಎದ್ದರೆ 3,900 ಖರ್ಚಾಗಿರುತ್ತದೆ, ಒಂದು ಕನಸೂ ಬೀಳದಿದ್ದರೂ. ಇಪ್ಪತ್ತು ವರ್ಷಕ್ಕೆ ಕಟ್ಟುವ ಮೊತ್ತ 8 ಕೋಟಿ 43 ಲಕ್ಷ. ತೆಗೆದ ಸಾಲಕ್ಕಿಂತ ಅದರ ಬಡ್ಡಿಯೇ ದೊಡ್ಡದು. ಇದಕ್ಕೂ ಮೊದಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಮತ್ತು ಅದರ ಮೇಲಿನ ಸೆಸ್ಸುಗಳು ಸೇರಿ ನೂರಕ್ಕೆ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ನೂರಕ್ಕೆ 2. ಕೂಡಿದರೆ 41 ಲಕ್ಷ. ಸೆಕೆಂಡಿಗೊಂದು ರೂಪಾಯಿ ಎಣಿಸಿದರೆ ಈ ಶುಲ್ಕವೊಂದನ್ನೇ ಎಣಿಸಲು 47 ಹಗಲು, 47 ರಾತ್ರಿ!

ಈಗ ಕಾಲ ಕೆಳಗೆ ನೋಡಿ. ನವೀಕರಣ ಎಂದರೆ ಇಟಾಲಿಯನ್ ಮಾರ್ಬಲ್ ಎಂಬ ಕಾಲವಿದು. 18 ಮಿಲಿಮೀಟರ್ ದಪ್ಪದ ಚಪ್ಪಡಿಯನ್ನು 2,100 ಚದರಡಿಗೆ ಹಾಸಿದರೆ ಕಲ್ಲಿನ ತೂಕವೇ ಒಂಬತ್ತೂವರೆ ಟನ್. ಮೈಕೆಲೇಂಜೆಲೊ ಕೆತ್ತಿದ ಡೇವಿಡ್ ಪ್ರತಿಮೆಯೂ ಇಟಲಿಯ ಕರ‍್ರಾರಾ ಗಣಿಯ ಅಮೃತಶಿಲೆಯೇ: 5.17 ಮೀಟರ್ ಎತ್ತರ, ಐದೂವರೆ ಟನ್ನಿಗೂ ಮೇಲೆ ತೂಕ. ಒಂದೂವರೆ ಡೇವಿಡ್ಡನ್ನು ಚಪ್ಪಟೆ ಮಾಡಿ ಹಾಸಿದಷ್ಟು ಕಲ್ಲು ಜಯನಗರದ ಒಂದು ಹಾಲು, ಮೂರು ಮಲಗುವ ಕೋಣೆಗಳಲ್ಲಿ ಹರಡಿಕೊಂಡಿದೆ. ಕರ‍್ರಾರಾದಿಂದ ಬೆಂಗಳೂರಿಗೆ ಭೂಪಟದ ಗೋಲದ ಮೇಲೆ ನೇರ ದಾರ ಎಳೆದರೂ 7,000 ಕಿಲೋಮೀಟರ್ ಮೇಲೆ. ಹಡಗು ಸುತ್ತಿ ಬರುವ ದಾರಿ ಇನ್ನೂ ಉದ್ದ. ಆ ಕಲ್ಲಿನ ಕೆಳಗಿನ ಆರಂಗುಲದ ಕಾಂಕ್ರೀಟ್ ಹಲಗೆಯ ತೂಕ 73 ಟನ್, ಹದಿನೈದು ಅಭಿಮನ್ಯುಗಳು ಸಾಲಾಗಿ ಮಲಗಿದಂತೆ. ಮೇಲಿನ ಮನೆಯವರದು ಇಂಥದೇ ಇನ್ನೊಂದು ಹಲಗೆ ನಮ್ಮ ಸೀಲಿಂಗ್ ಫ್ಯಾನಿನ ಮೇಲೆ ನಿಂತಿದೆ. ಅದರ ಕೆಳಗೆ ಕೂತು ನಾವು ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತೇವೆ.

ಮನೆ ತೋರಿಸುವವರು ಬಾಗಿಲು ತೆಗೆದು ‘ಖಾಲಿ ಇದೆ, ನೋಡಿ’ ಎನ್ನುತ್ತಾರಲ್ಲ, ಆ ಖಾಲಿಯನ್ನೂ ತೂಗೋಣ. ಹತ್ತಡಿ ಎತ್ತರದ ಛಾವಣಿ ಇದ್ದರೆ ಒಳಗಿನ ಗಾಳಿ 21,000 ಘನ ಅಡಿ. ಬೆಂಗಳೂರಿನ ಎತ್ತರದಲ್ಲಿ ಗಾಳಿ ಕೊಂಚ ತೆಳು. ಆದರೂ ಅದರ ತೂಕ 600 ಕಿಲೋ ದಾಟುತ್ತದೆ. ಮೈಸೂರಿನ ಚಿನ್ನದ ಅಂಬಾರಿ 750 ಕಿಲೋ. ಒಂದು ಕುರ್ಚಿಯೂ ಇಲ್ಲದ ಮನೆಯೊಳಗೆ ಅಂಬಾರಿಯ ಮುಕ್ಕಾಲು ಪಾಲಿಗೂ ಹೆಚ್ಚು ತೂಕ, ಕಣ್ಣಿಗೆ ಕಾಣದಂತೆ!

ಎತ್ತರ ಎಂದೆನಲ್ಲ, ಅದೂ ಒಂದು ಸೋಜಿಗ. ಜಗತ್ತಿನ ಅತಿ ಎತ್ತರದ ಕಟ್ಟಡ ದುಬೈನ ಬುರ್ಜ್ ಖಲೀಫಾ 828 ಮೀಟರ್, ನಿಂತಿರುವುದು ಕಡಲಿಗೆ ಹತ್ತಿರದ ಮರಳಿನಲ್ಲಿ. ಬೆಂಗಳೂರು ಕಡಲಿಗಿಂತ ಸುಮಾರು 900 ಮೀಟರ್ ಮೇಲಿದೆ. ಜಯನಗರದ ಬೇಸ್‌ಮೆಂಟಿನಲ್ಲಿ ಸ್ಕೂಟರ್ ನಿಲ್ಲಿಸಿದವರು ಬುರ್ಜ್ ಖಲೀಫಾದ ತುತ್ತತುದಿಗಿಂತ ಮೇಲಿದ್ದಾರೆ. ನೆಲಮಹಡಿಯ ಮನೆಗೂ ಇದೇ ಮಾತು. ಈ ಎತ್ತರಕ್ಕೆ ಮಾತ್ರ ಚದರಡಿಯ ದರ ಯಾರೂ ಕೇಳುವುದಿಲ್ಲ.

ಅಷ್ಟು ಮೇಲಿರುವ ನಲ್ಲಿಗೆ ನೀರು ಬರಬೇಕು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಏರಿ, ಸುಮಾರು 100 ಕಿಲೋಮೀಟರ್ ನಡೆದು, ಸುಮಾರು 500 ಮೀಟರ್ ಮೇಲಕ್ಕೆ ಬರುತ್ತದೆ. ಕುತುಬ್ ಮಿನಾರ್ ಮೇಲೆ ಕುತುಬ್ ಮಿನಾರ್, ಹೀಗೆ ಸುಮಾರು ಏಳನ್ನು ಪೇರಿಸಿದ ಎತ್ತರ! 1974ರಲ್ಲಿ ಮೊದಲ ಹಂತ ಶುರುವಾದಾಗ ದಿನಕ್ಕೆ 13.5 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಸೇರಿದ ಮೇಲೆ ಯೋಜನೆಗಳ ಒಟ್ಟು ಸಾಮರ್ಥ್ಯ ದಿನಕ್ಕೆ 222 ಕೋಟಿ ಲೀಟರ್ ದಾಟಿದೆ. ಇದು ಸೆಕೆಂಡಿಗೆ ಎಷ್ಟು? 25,000 ಲೀಟರ್‌ಗೂ ಹೆಚ್ಚು. 6,000 ಲೀಟರ್ ಹಿಡಿಯುವ ಟ್ಯಾಂಕರು ನಾಲ್ಕು, ಪ್ರತಿ ಸೆಕೆಂಡಿಗೆ. ಈ ವಾಕ್ಯ ಓದುವಷ್ಟರಲ್ಲಿ ಹನ್ನೆರಡು ಟ್ಯಾಂಕರು ಹೋದವು. ಪೂರ್ತಿ ಸಾಮರ್ಥ್ಯದಲ್ಲಿ ಪಂಪು ಓಡಿದ ದಿನ ಮೇಲೇರುವ ತೂಕ 22 ಲಕ್ಷ ಟನ್, ಐದೈದು ಟನ್ನಿನ 4 ಲಕ್ಷ 45 ಸಾವಿರ ಆನೆ. 2025ರಲ್ಲಿ ಪ್ರಕಟವಾದ ಗಣತಿಯ ಅಂದಾಜಿನಂತೆ ಇಡೀ ಭಾರತದ ಕಾಡಾನೆಗಳು 22,446. ಅಷ್ಟನ್ನೂ ಒಟ್ಟುಗೂಡಿಸಿ, ಅದರ ಇಪ್ಪತ್ತು ಪಟ್ಟು ಮಾಡಿ, ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿದ ಹಾಗೆ. ಪ್ರತಿ ದಿನ! ನಮ್ಮ ಫ್ಲ್ಯಾಟಿನ ಪಾಲು ಇದರಲ್ಲಿ ಅತಿ ಚಿಕ್ಕದು. ತಲೆಗೆ 135 ಲೀಟರಿನಂತೆ ನಾಲ್ಕು ಮಂದಿಗೆ ದಿನಕ್ಕೆ 540 ಲೀಟರ್. ಆದರೂ ವರ್ಷಕ್ಕೆ 197 ಟನ್, ಸರಿಸುಮಾರು 39 ಆನೆ. ಬಚ್ಚಲ ಹೊಸ ಷವರಿನಿಂದ ಬೆಚ್ಚಗೆ ಸುರಿಯುತ್ತಿರುವುದು ಇದೇ ಆನೆಗಳ ಹಿಂಡು.

ಇಷ್ಟು ಹೊತ್ತು ಮನೆಯೊಳಗೇ ಇದ್ದೆವು. ಈಗ ಸಿದ್ದಾಪುರದ ಗೇಟಿನಿಂದ ಲಾಲ್‌ಬಾಗಿಗೆ ಹೋಗೋಣ. ಅಂಕಿಗಳು ನಿಜವಾಗಿ ಹಿಗ್ಗುವುದು ಇಲ್ಲಿ.

1760ರಲ್ಲಿ ಹೈದರ್ ಅಲಿ ಶುರು ಮಾಡಿದಾಗ ಇದು 40 ಎಕರೆಯ ತೋಟ. ಈಗ 240 ಎಕರೆ. ಅಂದರೆ 1 ಕೋಟಿ 4 ಲಕ್ಷ 54 ಸಾವಿರ ಚದರಡಿ, ನಮ್ಮ ಫ್ಲ್ಯಾಟಿನಂಥ 3,484 ಫ್ಲ್ಯಾಟುಗಳು ಒಂದಕ್ಕೊಂದು ತಾಗಿ ನೆಲದ ಮೇಲೇ ಹರಡಿಕೊಂಡಷ್ಟು. ಪಕ್ಕದ ಫ್ಲ್ಯಾಟಿನ ದರದಲ್ಲಿ, ಚದರಡಿಗೆ ಅದೇ 18,000ದಂತೆ, ಇದಕ್ಕೆ ಬೆಲೆ ಕಟ್ಟಿದರೆ 18,800 ಕೋಟಿ ರೂಪಾಯಿ! ಫ್ಲ್ಯಾಟಿನ ಬೆಲೆ ಎಣಿಸಲು 625 ದಿನ ಹಿಡಿಯಿತಲ್ಲ, ಸೆಕೆಂಡಿಗೊಂದು ರೂಪಾಯಿಯಂತೆ ಇದನ್ನು ಎಣಿಸಲು ಸುಮಾರು 6,000 ವರ್ಷ. ಮೊಹೆಂಜೊದಾರೊ ಕಟ್ಟುವುದಕ್ಕೂ ಎಷ್ಟೋ ಶತಮಾನ ಮೊದಲು ಎಣಿಸಲು ಕೂತಿದ್ದರೆ ಈಗ ಮುಗಿಯುತ್ತಿತ್ತು. ಇಂಥ ತೋಟದೊಳಗೆ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಯಾರೂ ಪುಕ್ಕಟೆ ನಡೆಯಬಹುದು. 5 ಕೋಟಿ ಕೊಟ್ಟು ಪಕ್ಕದಲ್ಲಿ ಮನೆ ಕೊಂಡವರಿಗೂ, ಬನಶಂಕರಿಯಿಂದ ಬಸ್ಸು ಹಿಡಿದು ಬಂದವರಿಗೂ ಅದೇ ದಾರಿ, ಅದೇ ನೆರಳು. ಬೆಂಗಳೂರಿನಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಲೆಕ್ಕ ಇದೇ.

ಲಾಲ್‌ಬಾಗಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸಾಕು, ಅದು 2 ಕೋಟಿ 46 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 4,100 ಟ್ಯಾಂಕರು. 2024ರ ಬೇಸಿಗೆಯ ಬರದಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರಿನೊಳಗೆ ಇಂಥ ಒಂದು ಟ್ಯಾಂಕರಿಗೆ ನಿಗದಿ ಮಾಡಿದ ದರ 600 ರೂಪಾಯಿ. ಆ ದರದಲ್ಲಿ ಒಂದೇ ಇಂಚು ಮಳೆಯ ಬೆಲೆ 24 ಲಕ್ಷ ದಾಟುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 38 ಇಂಚು ಮಳೆ. ಈ ತೋಟ ಪ್ರತಿ ವರ್ಷ ಒಂಬತ್ತು ಕೋಟಿಗೂ ಮಿಕ್ಕ ಬೆಲೆಯ ನೀರನ್ನು ಆಕಾಶದಿಂದ ಇಸಿದುಕೊಳ್ಳುತ್ತದೆ. ಒಂದೂಮುಕ್ಕಾಲು ಫ್ಲ್ಯಾಟು!

ಪಾರ್ಕಿನ ಪಕ್ಕದ ಮನೆಗೆ ಜನ ಎಲ್ಲಿಯವರೆಗೆ ಹೋಗುತ್ತಾರೆ? 2024ರ ಕೊನೆಯಲ್ಲಿ ನಮ್ಮೂರಿನದೇ ಕಬ್ಬನ್ ಪಾರ್ಕ್ ಸಮೀಪ, ಕಿಂಗ್‌ಫಿಶರ್ ಟವರ್ಸ್‌ನ 16ನೇ ಮಹಡಿಯಲ್ಲಿ ಸುಮಾರು 8,400 ಚದರಡಿಯ ಮನೆ 50 ಕೋಟಿಗೆ ಮಾರಾಟವಾಯಿತು. ಚದರಡಿಗೆ 59,500, ಜಯನಗರದ ನಮ್ಮ ದರದ ಮೂರು ಪಟ್ಟು ದಾಟಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 843 ಎಕರೆ, ಮೂರೂವರೆ ಲಾಲ್‌ಬಾಗ್. ಅದರ ದಕ್ಷಿಣದ ಅಂಚಿನಲ್ಲಿ 2019ರಲ್ಲಿ ಸುಮಾರು 24,000 ಚದರಡಿಯ ಒಂದು ಮನೆ 23 ಕೋಟಿ 80 ಲಕ್ಷ ಡಾಲರಿಗೆ ಹೋಯಿತು. ಅಂದಿನ ರೂಪಾಯಿ ಲೆಕ್ಕದಲ್ಲಿ 1,650 ಕೋಟಿಗೂ ಹೆಚ್ಚು. ಆ ಒಂದು ಮನೆಯ ಬೆಲೆಗೆ ಜಯನಗರದಲ್ಲಿ 300 ಫ್ಲ್ಯಾಟು ಕೊಂಡು, ತಿಂಗಳಿಗೊಂದರಂತೆ ಬದಲಿಸುತ್ತ 25 ವರ್ಷ ವಾಸ ಮಾಡಬಹುದಿತ್ತು. ಹಾಂಗ್‌ಕಾಂಗಿನ ಮೌಂಟ್ ನಿಕಲ್ಸನ್‌ನಲ್ಲಿ 2021ರಲ್ಲಿ ಮಾರಾಟವಾದ ಫ್ಲ್ಯಾಟಿನದು ಇನ್ನೂ ವಿಚಿತ್ರ. ಚದರಡಿಗೆ 1,40,800 ಹಾಂಗ್‌ಕಾಂಗ್ ಡಾಲರ್, ಆಗಿನ ವಿನಿಮಯದಲ್ಲಿ 13 ಲಕ್ಷ ರೂಪಾಯಿಗೂ ಮೇಲೆ. ನಮ್ಮ 30 ಚದರದ ಮನೆಯ ಪೂರ್ತಿ ದುಡ್ಡಿಗೆ ಅಲ್ಲಿ ಸಿಗುತ್ತಿದ್ದುದು ಸುಮಾರು 40 ಚದರಡಿ. ಮೇಲೆ ಹೇಳಿದ ಆ ಮಂಚ ಹಿಡಿಯುವಷ್ಟು ಜಾಗ!

ಹಣದ ಅಂಕಿ ಇಲ್ಲಿಗೆ ಸುಸ್ತಾಗುತ್ತದೆ. ಕಾಲದ ಅಂಕಿ ಈಗಷ್ಟೇ ಮೈಕೊಡವಿ ಏಳುತ್ತದೆ.

ಲಾಲ್‌ಬಾಗಿನ ನಡುವೆ, ಕೆಂಪೇಗೌಡ ಗೋಪುರ ಹೊತ್ತ ಆ ಬೂದು ಬಂಡೆ ಇದೆಯಲ್ಲ, ಮಕ್ಕಳು ಜಾರುವ, ಹಿರಿಯರು ಸಂಜೆ ಗಾಳಿಗೆ ಕೂರುವ ಬಂಡೆ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಹೇಳುವುದಕ್ಕೆ 300 ಕೋಟಿ; ಮನಸ್ಸಿಗೆ ಇಳಿಯಬೇಕಾದರೆ ಒಂದು ವರ್ಷವನ್ನು ಒಂದು ಸೆಕೆಂಡಿಗೆ ಕುಗ್ಗಿಸಿ ನೋಡಿ. ಆಗ ಈ ಫ್ಲ್ಯಾಟು ಕಟ್ಟಿ ಮೂವತ್ತೈದು ಸೆಕೆಂಡು ಆಗಿದೆ. ಆರು ತಿಂಗಳು ಹಿಡಿದ ನವೀಕರಣ ಅರ್ಧ ಸೆಕೆಂಡು, ಒಂದು ಚಿಟಿಕೆ. ಇಪ್ಪತ್ತು ವರ್ಷದ ಸಾಲ ಇಪ್ಪತ್ತೇ ಸೆಕೆಂಡಿನಲ್ಲಿ ತೀರುತ್ತದೆ. 1948ರ ಆಗಸ್ಟ್ 20ರಂದು ಗವರ್ನರ್ ಜನರಲ್ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲು ಹಾಕಿ ಇನ್ನೂ ಒಂದೂವರೆ ನಿಮಿಷ ತುಂಬಿಲ್ಲ. ಗಾಜಿನ ಮನೆಗೆ 1889ರಲ್ಲಿ ಅಡಿಪಾಯ ಬಿದ್ದು ಎರಡೂ ಕಾಲು ನಿಮಿಷ. ಹೈದರ್ ಅಲಿ ತೋಟ ಹಾಕಿ ನಾಲ್ಕೂವರೆ ನಿಮಿಷ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟಿ ಎಂಟು ನಿಮಿಷ ಕಳೆದಿದೆ, ಅಷ್ಟೆ.

ಮುಂದೆ ನೋಡಿ. ಮನುಷ್ಯ ಎಂಬ ಜೀವಿ ಹುಟ್ಟಿ ಮೂರೂವರೆ ದಿನ. ಲಾಲ್‌ಬಾಗಿನಲ್ಲೇ ತಮಿಳುನಾಡಿನ ತಿರುವಕ್ಕರೈಯಿಂದ ತಂದು ನಿಲ್ಲಿಸಿದ ಎರಡು ಕೋಟಿ ವರ್ಷದ ಕಲ್ಲಾದ ಮರವಿದೆ. ಅದಕ್ಕೆ ಏಳೂವರೆ ತಿಂಗಳು. ಡೈನೋಸಾರುಗಳು ಅಳಿದು ಎರಡು ವರ್ಷ. ಒಂದೂವರೆ ಡೇವಿಡ್ ತೂಕದ ನಮ್ಮ ಇಟಾಲಿಯನ್ ಮಾರ್ಬಲ್ ಮೊದಲು ಕಡಲ ತಳದ ಸುಣ್ಣವಾಗಿ ಶೇಖರವಾದದ್ದು ಸುಮಾರು 20 ಕೋಟಿ ವರ್ಷದ ಹಿಂದೆ. ಅದಕ್ಕೆ ಆರು ವರ್ಷ ನಾಲ್ಕು ತಿಂಗಳು. ಲಾಲ್‌ಬಾಗ್ ಬಂಡೆಗೆ? 95 ವರ್ಷ! ಏಳು ಸಾವಿರ ಕಿಲೋಮೀಟರ್ ದೂರದಿಂದ ಆರು ವರ್ಷದ ಕೂಸನ್ನು ಕರೆತಂದು 95ರ ಅಜ್ಜನ ನೆರೆಯಲ್ಲಿ ಮಲಗಿಸಿದ್ದೇವೆ. ಆ ಕೂಸಿಗೆ ಚದರಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೇವೆ. ಅಜ್ಜನ ಮೈ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಅಡಿಯಲ್ಲೆಲ್ಲ ಹಬ್ಬಿದೆ, ದಕ್ಷಿಣ ಭಾರತದ ದೊಡ್ಡ ಭಾಗದ ಕೆಳಗೂ ಇದೇ ಜಾತಿಯ ಶಿಲೆ ಇದೆ. ಫ್ಲ್ಯಾಟಿನ ಜೊತೆ ಬರುವ ನೆಲದ ಪಾಲು ಚಿಕ್ಕದು. ಆದರೆ ಆ ಪಾಲಿನ ಕೆಳಗೂ ಇರುವುದು ಈ ಅಜ್ಜನೇ.

ಮತ್ತು ಇದೆಲ್ಲ ನಿಂತಲ್ಲಿ ನಿಂತಿಲ್ಲ. ಜಿಪಿಎಸ್ ಅಳತೆಗಳ ಪ್ರಕಾರ ಬೆಂಗಳೂರಿನ ನೆಲ ವರ್ಷಕ್ಕೆ ಐದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಸರಿಯುತ್ತಿದೆ. ಸಾಲದ ಕೊನೆಯ ಕಂತು ಕಟ್ಟುವ ಹೊತ್ತಿಗೆ ಮನೆ, ಬಂಡೆ, ಗೋಪುರ ಸಮೇತ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಯಾವ ದಿಕ್ಕಿಗೆ ಗೊತ್ತೆ? ಈಶಾನ್ಯಕ್ಕೆ! ವಾಸ್ತು ನೋಡುವವರಿಗೆ ಇದಕ್ಕಿಂತ ಶುಭ ಸುದ್ದಿ ಬೇಕೆ?

ಒಂದು ಮೀಟರ್ ಎಂದು ಮೂಗು ಮುರಿಯುವವರಿಗೆ ಇನ್ನೂ ಇದೆ. ಭೂಮಿಯ ತಿರುಗುವಿಕೆಯಿಂದ ಜಯನಗರ ಗಂಟೆಗೆ 1,630 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಬಾಲ್ಕನಿಯ ಕುರ್ಚಿಯಲ್ಲಿ ಒಂದು ದಿನ ಅಲ್ಲಾಡದೆ ಕೂತವರು 39,000 ಕಿಲೋಮೀಟರ್ ಸುತ್ತಿ ಬಂದಿರುತ್ತಾರೆ. ಸೂರ್ಯನ ಸುತ್ತಲಿನ ಓಟ ಸೆಕೆಂಡಿಗೆ 30 ಕಿಲೋಮೀಟರ್. ಮೈಸೂರಿಗೆ ಐದು ಸೆಕೆಂಡು. 1977ರಲ್ಲಿ ಹಾರಿಬಿಟ್ಟ, ಮನುಷ್ಯ ಮಾಡಿದ ವಸ್ತುಗಳಲ್ಲೆಲ್ಲ ಅತಿ ದೂರ ಹೋಗಿರುವ ವಾಯೇಜರ್-1 ನೌಕೆಯ ವೇಗ ಸೆಕೆಂಡಿಗೆ 17 ಕಿಲೋಮೀಟರ್. ಮೂರು ಮಲಗುವ ಕೋಣೆ, ಎರಡು ಕಾರ್ ಪಾರ್ಕಿಂಗ್ ಇರುವ ಜಯನಗರದ ಫ್ಲ್ಯಾಟು ಅದನ್ನೂ ಹಿಂದಿಕ್ಕುವ ವೇಗದಲ್ಲಿದೆ! ಇಪ್ಪತ್ತು ವರ್ಷದ ಕಂತು ಮುಗಿಯುವಷ್ಟರಲ್ಲಿ ಅದು ಸೂರ್ಯನ ಸುತ್ತ ಕ್ರಮಿಸಿರುವ ದೂರ 1,880 ಕೋಟಿ ಕಿಲೋಮೀಟರ್, ನೆಪ್ಚೂನಿಗೆ ಇರುವ ದೂರದ ನಾಲ್ಕು ಪಟ್ಟು. ಸೂರ್ಯನೂ ಸುಮ್ಮನಿಲ್ಲ. ನಮ್ಮನ್ನೆಲ್ಲ ಎಳೆದುಕೊಂಡು ಆಕಾಶಗಂಗೆಯ ನಡುವನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರಿನಂತೆ ಸುತ್ತುತ್ತಿದ್ದಾನೆ. ಆ ದಾರಿಯಲ್ಲಿ ಅದೇ ಇಪ್ಪತ್ತು ವರ್ಷಕ್ಕೆ ಸುಮಾರು 14,000 ಕೋಟಿ ಕಿಲೋಮೀಟರ್. ಕಟ್ಟುವ ಕಂತಿನ ಒಂದೊಂದು ರೂಪಾಯಿಗೆ 1,600 ಕಿಲೋಮೀಟರಿಗೂ ಹೆಚ್ಚು ಪ್ರಯಾಣ. ಇಷ್ಟು ಅಗ್ಗದ ಟಿಕೆಟ್ ಇನ್ನೆಲ್ಲೂ ಸಿಕ್ಕುವುದಿಲ್ಲ.

ಇಂಥ ಮನೆ ನೋಡಲು ಹೊರಟಿದ್ದೀರಾದರೆ ಟೋಕನ್ ಅಡ್ವಾನ್ಸ್ ಕೊಡುವ ಮುಂಚೆ ಎರಡು ಕೆಲಸ ಮಾಡಿ. ಬೆಳಗ್ಗೆ ಆರಕ್ಕೆ ಲಾಲ್‌ಬಾಗ್ ಬಂಡೆಯ ಮೇಲೆ ಹೋಗಿ ಹತ್ತು ನಿಮಿಷ ಕೂತು ಬನ್ನಿ. ಕೆಂಪೇಗೌಡರ ಊರಿನ ಇಡೀ ವಯಸ್ಸಿಗಿಂತ ಎರಡು ನಿಮಿಷ ಹೆಚ್ಚು. ಆಮೇಲೆ ಅಳತೆ ಟೇಪು ಹಿಡಿದು ಕೋಣೆ ಕೋಣೆಯನ್ನೂ ಗೋಡೆಯಿಂದ ಗೋಡೆಗೆ ನೀವೇ ಅಳೆಯಿರಿ. ಒಂದೊಂದು ಚದರಡಿ ಕಡಿಮೆ ಬಂದಾಗಲೂ 25,714 ರೂಪಾಯಿ.